ಬಾಡಿಗೆ ಮನೆ ಕೇಳುವವರ ಜಾತಿ ಕೆದಕುವುದು ಹಕ್ಕಲ್ಲ

‘ಮನೆ ನಮ್ಮದು, ಯಾರಿಗೆ ಕೊಡಬೇಕೋ ನಾವೇ ನೋಡಿಕೊಳ್ಳುತ್ತೇವೆ’ ಎಂಬ ವಾದಕ್ಕೆ ಚೆನ್ನೈನಲ್ಲೂ ಬೆಂಗಳೂರಿನಲ್ಲೂ ಬೆಂಬಲಿಗರು ಬೇಕಾದಷ್ಟಿದ್ದಾರೆ. ‘ಬ್ರಾಹ್ಮಣರಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಜಾಹೀರಾತು ಕೊಡುವವರಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಇದು ತಪ್ಪು. ಕಾನೂನು ಇದನ್ನು ತಡೆಯಲೇಬೇಕು.

ಚೆನ್ನೈಗೆ ಈ ರೋಗ ಹಳೆಯದು. ಸೇಂಟ್ ಜಾರ್ಜ್ ಕೋಟೆಯೊಳಗೆ ಯುರೋಪಿಯನ್ನರ ವೈಟ್ ಟೌನ್, ಆಚೆಗೆ ದೇಸಿಯರ ಬ್ಲ್ಯಾಕ್ ಟೌನ್. 1749ರಲ್ಲಿ ಫ್ರೆಂಚರಿಂದ ಊರು ಮರಳಿ ಕೈಸೇರಿದಾಗ ಕಂಪನಿ ಸರ್ಕಾರ ಆರ್ಮೇನಿಯನ್ನರನ್ನೂ ರೋಮನ್ ಕ್ಯಾಥೊಲಿಕರನ್ನೂ ವೈಟ್ ಟೌನಿನಿಂದ ಹೊರಹಾಕಿತು. ಫ್ರೆಂಚರ ಪರ ಇದ್ದಾರೆಂಬ ಗುಮಾನಿಯೇ ಅದಕ್ಕೆ ಆಧಾರ. ಮುಂದೆ ಹಳೆಯ ಬ್ಲ್ಯಾಕ್ ಟೌನನ್ನೇ ಕೆಡವಿ, ಬಯಲು ಮಾಡಿ, ಅಂಚಿಗೆ ಆರು ಗಡಿಗಲ್ಲು ನೆಟ್ಟು, ಅದರೊಳಗೆ ಯಾರೂ ಮನೆ ಕಟ್ಟಕೂಡದೆಂದಿತು. 1773ರ ಅಂಥದೊಂದು ಕಲ್ಲು ಪ್ಯಾರೀಸ್ ಕಾರ್ನರ್‌ನ ಡೇರ್ ಹೌಸ್ ಆವರಣದಲ್ಲಿ ಉಳಿದಿದೆ. ಇಂದು ‘ಸೇಫ್ಟಿ’ಯ ಹೆಸರಲ್ಲಿ ಮುಸ್ಲಿಮರಿಗೆ, ಈಶಾನ್ಯ ರಾಜ್ಯದವರಿಗೆ, ಆಫ್ರಿಕಾದ ವಿದ್ಯಾರ್ಥಿಗಳಿಗೆ ಬಾಗಿಲು ಹಾಕುವವರೂ ಅಂದಿನ ಕಂಪನಿಯಂತೆ ಇಡೀ ಸಮುದಾಯವನ್ನೇ ಅನುಮಾನಿಸುತ್ತಾರೆ.

ಈಗ ಗಡಿ ಎಳೆಯುವುದು ಫೋನಿನಲ್ಲಿ. ಬ್ರೋಕರ್ ಬಾಡಿಗೆ, ಅಡ್ವಾನ್ಸ್ ಎಲ್ಲ ಒಪ್ಪಿಸಿ ಕೊನೆಗೆ ‘ಹೆಸರೇನಂದ್ರಿ ಸಾರ್?’ ಎನ್ನುತ್ತಾನೆ. ಹೆಸರು ಕೇಳಿದ ಮೇಲೆ ‘ಓನರ್ ಕಡೆಯವರೇ ಬರ್ತಾರಂತೆ’. ಟು-ಲೆಟ್ ಬೋರ್ಡು ಮಾತ್ರ ಗೇಟಿನಲ್ಲೇ ನೇತಾಡುತ್ತಿರುತ್ತದೆ. ‘ನಾನ್‌ವೆಜ್ ಮಾಡ್ತೀರಾ?’ ಎಂಬುದು ಎಷ್ಟೋ ಸಲ ಜಾತಿ ತಿಳಿಯುವ ಅಡ್ಡದಾರಿ. ಅನುಮಾನ ಬಂದರೆ ಬೇರೆ ಹೆಸರಿನ ಗೆಳೆಯರಿಂದ ಅದೇ ನಂಬರಿಗೆ ಫೋನ್ ಮಾಡಿಸಿ. ಜಾಹೀರಾತು, ಮೆಸೇಜುಗಳನ್ನು ಜೋಪಾನವಾಗಿಡಿ. 2012ರಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಹೀಗೆಯೇ ಹೆಸರು ಬದಲಿಸಿ ಮನೆ ಕೇಳಿಸಿದಾಗ ದಲಿತರಿಗೆ ಮನೆ ಕಷ್ಟ, ಮುಸ್ಲಿಮರಿಗೆ ಇನ್ನೂ ಕಷ್ಟ ಎಂಬುದು ಬಯಲಾಯಿತು.

ಹೀಗೆ ಜೋಪಾನ ಮಾಡಿದ ಸಾಕ್ಷಿ ಹಿಡಿದು ಎಲ್ಲಿಗೆ ಹೋಗಬೇಕು? ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ತಪ್ಪಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಧರ್ಮ, ಮೈಬಣ್ಣ, ಹುಟ್ಟಿದ ಊರು ಅಡ್ಡ ಬಂದವರಿಗೆ ಅಂಥ ನೇರ ರಕ್ಷಣೆಯಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿಗಳನ್ನು ಹೆಸರಿಸುತ್ತದೆ, ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. 2019ರಲ್ಲಿ ಜಾರಿಯಾದ ತಮಿಳುನಾಡಿನ ಬಾಡಿಗೆ ಕಾಯ್ದೆ ಕರಾರಿನ ನೋಂದಣಿ ಕಡ್ಡಾಯ ಮಾಡಿತು. ಕರಾರಿನ ತನಕ ಹೋಗಲೇ ಬಿಡದೆ ವಾಪಸು ಕಳಿಸಿದವರ ಗತಿ ಕೇಳಲಿಲ್ಲ. 2005ರಲ್ಲಂತೂ ಸುಪ್ರೀಂ ಕೋರ್ಟು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಕೊಡುವ ಅಹಮದಾಬಾದಿನ ವಸತಿ ಸಹಕಾರ ಸಂಘದ ಬೈಲಾವನ್ನೇ ಎತ್ತಿಹಿಡಿಯಿತು.

ಒಂದೇ ಸೂರಿನಡಿ ಬಾಳಬೇಕಾದ ಮಾಲೀಕರಿಗೆ ಆಯ್ಕೆ ಬೇಡವೇ ಎಂದು ಕೇಳುತ್ತಾರೆ. ಅದಕ್ಕೂ ದಾರಿಯಿದೆ. ವಸತಿಯಲ್ಲಿ ತಾರತಮ್ಯ ತಡೆಯುವ ಅಮೆರಿಕದ 1968ರ ಕಾಯ್ದೆ, ಮಾಲೀಕರೇ ವಾಸವಿರುವ ನಾಲ್ಕು ಮನೆವರೆಗಿನ ಕಟ್ಟಡಕ್ಕೆ ವಿನಾಯಿತಿ ಕೊಟ್ಟಿತು. ಆದರೆ ‘ಇಂಥವರಿಗೆ ಮಾತ್ರ’ ಎಂದು ಜಾಹೀರಾತು ಹಾಕಲು ಅವರಿಗೂ ಬಿಡಲಿಲ್ಲ. ಸಾಲುಸಾಲು ಫ್ಲ್ಯಾಟು ಬಾಡಿಗೆಗೆ ಬಿಟ್ಟವರು ನಡೆಸುವುದು ವ್ಯಾಪಾರ. ಅದಕ್ಕೆ ಖಾಸಗಿತನದ ನೆಪ ಸಲ್ಲದು.

ಜನಾಂಗ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ 1968ರಲ್ಲೇ ಒಪ್ಪಿದೆ. ವಸತಿ ಹಕ್ಕು ಅದರಲ್ಲೇ ಇದೆ. ತಮಿಳುನಾಡು, ಕರ್ನಾಟಕ ಎರಡೂ ತಮ್ಮ ಬಾಡಿಗೆ ಕಾಯ್ದೆಗೆ ತಿದ್ದುಪಡಿ ತರಲಿ: ಜಾತಿ, ಧರ್ಮ, ಬಣ್ಣ, ಊರು ನೋಡಿ ಮನೆ ನಿರಾಕರಿಸಿದರೆ ದಂಡ, ಅಂಥ ಜಾಹೀರಾತಿಗೆ ನಿಷೇಧ, ಬ್ರೋಕರನೂ ಹೊಣೆಗಾರ. ಬಾಡಿಗೆ ಸಕಾಲಕ್ಕೆ ಕೊಡುತ್ತಾರೆಯೇ, ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾರೆಯೇ ಎಂಬುದರ ಆಚೆಗೆ ಮಾಲೀಕರು ಕೇಳಬೇಕಾದ್ದು ಏನೂ ಇಲ್ಲ.