ಫ್ಯಾಮಿಲಿ ರೂಮಿನ ಫೋಟೋ

1/7

ಮೊನ್ನೆ ನಮ್ಮ ಪಿಯುಸಿ ಗ್ರೂಪಲ್ಲಿ ಒಂದು ಹಳೇ ಫೋಟೋ ಬಂತು. ಅರ್ಧ ಜನ ಅದನ್ನ ಸ್ಟೋರಿಗೂ ಹಾಕ್ಕೊಂಡ್ರಿ, ಹಾಗಾಗಿ ಜೂನಿಯರ್ಸೂ ನೋಡಿರ್ತಾರೆ. 2008ರದ್ದು, ಯಾರದೋ ಕೀಪ್ಯಾಡ್ ಮೊಬೈಲಲ್ಲಿ ತೆಗೆದಿದ್ದು, ಮುಖಗಳೆಲ್ಲ ಮಸುಕು. ನಮ್ಮ ತಿಪಟೂರು ಕಡೆ, ಹೈವೇ ಪಕ್ಕದ ಒಂದು ಬಾರ್ ಅಂಡ್ ರೆಸ್ಟೋರೆಂಟು, ಅದರ ಹಿಂಭಾಗದ ಫ್ಯಾಮಿಲಿ ರೂಮು. (ಆ ರೂಮಲ್ಲಿ ಒಂದು ಫ್ಯಾಮಿಲಿ ಕೂತಿದ್ದನ್ನ ನಾನಂತೂ ಕಂಡಿಲ್ಲ.) ಐದು ಜನ ಹುಡುಗ್ರು. ಕೆಳಗೆ ಕಾಲೇಜಿನ ಯೂನಿಫಾರ್ಮ್ ಪ್ಯಾಂಟು, ಮೇಲೆ ಬಣ್ಣದ ಟೀ ಶರ್ಟು. ಟೇಬಲ್ ಮೇಲೆ ಎರಡು ಬಿಯರು, ಒಂದು ಕ್ವಾರ್ಟರು, ನೀರಿನ ಪ್ಯಾಕೆಟ್ಟು, ಖಾರದ ಕಡ್ಲೆಬೀಜ.

ಕ್ಯಾಪ್ಷನ್ನು: "ಗೋಲ್ಡನ್ ಡೇಸ್ ಮಗಾ. ಅದೇ ಬಾರು, ಅದೇ ರೂಮು, ಅದೇ ಗ್ಯಾಂಗು. ರೀಯೂನಿಯನ್ ಲೋಡಿಂಗ್."

ಎಡಗಡೆಯಿಂದ ಎರಡನೆಯವನು ನಾನು. ನಗ್ತಾ ಇದೀನಿ. ಅದನ್ನೇನೂ ಅಲ್ಲಗಳೆಯಲ್ಲ. ಆದ್ರೆ ಈ "ಗೋಲ್ಡನ್" ಅನ್ನೋ ಪದದ ಮೇಲೆ ನನಗೊಂದು ಜಗಳ ಇದೆ. ಒಂದು ಕ್ಯಾಪ್ಷನ್ನಲ್ಲಿ ಮುಗಿಯಲ್ಲ, ಏಳು ಆಗುತ್ತೆ. ಟೈಮ್ ಇದ್ರೆ ಓದಿ.

2/7

ಮೊದಲು ಲೆಕ್ಕ. 2008ರಲ್ಲಿ ನಮಗೆ ಹದಿನಾರು. ಕರ್ನಾಟಕದಲ್ಲಿ ಅಬಕಾರಿ ನಿಯಮ ಅಂತ ಇದೆ. 21 ತುಂಬದವರಿಗೆ ಮದ್ಯ ಮಾರಬಾರದು. ಆ ಬಾರಿನ ಗೋಡೆ ಮೇಲೂ ಕೆಂಪಕ್ಷರದಲ್ಲಿ ಅದೇ ಬರೆದಿತ್ತು, ಸರಿಯಾಗಿ ನಮ್ಮ ಟೇಬಲ್ಲಿನ ನೆತ್ತಿ ಮೇಲೆ. ಐದು ವರ್ಷ ಕಡಿಮೆ ಇದ್ದ ನಮ್ಮನ್ನ ಒಬ್ಬನೂ "ಏನಪ್ಪಾ ವಯಸ್ಸು" ಅಂತ ಕೇಳಲಿಲ್ಲ. ಕ್ಯಾಷಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಚಿಲ್ರೆ ಇದ್ಯಾ?"

ನಾವಿದನ್ನ ಸಾಹಸ ಅಂತ ಹೇಳ್ಕೊಂಡು ತಿರುಗ್ತೀವಿ. ಹಿಂದಿನ ಬಾಗಿಲಿಂದ ನುಗ್ಗಿದ್ವಿ, ಲೆಕ್ಚರರ್ ಸ್ಕೂಟರ್ ಕಂಡು ಟಾಯ್ಲೆಟ್ಟಲ್ಲಿ ಬಚ್ಚಿಟ್ಕೊಂಡ್ವಿ, ಯಾರನ್ನೋ ಯಾಮಾರಿಸಿದ್ವಿ ಅಂತ. ಯಾರನ್ನ ಯಾಮಾರಿಸಿದ್ದು ಕಣ್ರೋ? ಹಿಂದಿನ ಬಾಗಿಲು ನಮ್ಮಂಥವರಿಗೇ ಅಂತ ತೆಗೆದಿಟ್ಟಿದ್ರು. ಫ್ಯಾಮಿಲಿ ರೂಮು ಇದ್ದಿದ್ದೇ ಅದಕ್ಕೆ. ಹೊರಗಿನ ಹಾಲಲ್ಲಿ ಕೂತ್ರೆ ಯಾರಾದ್ರೂ ಊರವರು ಗುರುತು ಹಿಡೀತಾರೆ, ವ್ಯಾಪಾರ ಹೋಗುತ್ತೆ. ನಾವು ಕಳ್ಳರಲ್ಲ, ಗಿರಾಕಿಗಳು.

ಇನ್ನೊಂದು. ಆ ಫೋಟೋ ತೆಗೆದಿದ್ದು ಯಾರು? ಟೇಬಲ್ ಒರೆಸೋ ಹುಡುಗ. ನಮಗಿಂತ ಚಿಕ್ಕೋನು, ಹನ್ನೆರಡೋ ಹದಿಮೂರೋ ಇರಬಹುದು. "ಲೋ, ಒತ್ತು ಇಲ್ಲಿ" ಅಂತ ನಾವೇ ಮೊಬೈಲ್ ಕೊಟ್ವಿ. ಹೋಟೆಲ್, ಡಾಬಾಗಳಲ್ಲಿ 14 ಆಗದ ಮಕ್ಕಳನ್ನ ಕೆಲಸಕ್ಕೆ ಇಟ್ಕೋಬಾರದು ಅನ್ನೋ ಆದೇಶ ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 10ಕ್ಕೆ. ಅಂದ್ರೆ ಈ ಫೋಟೋಕ್ಕಿಂತ ಮುಂಚೆ. ನಮ್ಮ "ಗೋಲ್ಡನ್ ಡೇಸ್"ನ ಕ್ಯಾಮೆರಾಮನ್ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ನಿಜವಾಗ್ಲೂ ಕೇಳ್ತಿದೀನಿ.

3/7

ಸರಿ, ಇಷ್ಟ ಇತ್ತಾ? ಇತ್ತು. ಬಿಯರ್ ರುಚಿ ಅಲ್ಲ, ಅದು ಬೇವಿನ ಕಷಾಯದ ಥರ ಇತ್ತು. ಇಷ್ಟ ಆಗಿದ್ದು ಕೂತ್ಕೊಳ್ಳೋದು. ಮನೇಲಿ ಮಾರ್ಕ್ಸು, ಕಾಲೇಜಲ್ಲಿ ಅಟೆಂಡೆನ್ಸು, ಬೀದೀಲಿ ಯಾರ ಮಗ ಅನ್ನೋ ವಿಚಾರಣೆ. ಇಡೀ ಊರಲ್ಲಿ ಐದು ಜನ ಹುಡುಗ್ರು ಎರಡು ಗಂಟೆ ಸುಮ್ನೆ ಕೂತು ಮಾತಾಡೋಕೆ ಜಾಗ ಇರಲಿಲ್ಲ. ಲೈಬ್ರರಿ ಸಂಜೆ ಬಾಗಿಲು ಹಾಕ್ತಿತ್ತು, ಮೈದಾನದಲ್ಲಿ ಲೈಟಿಲ್ಲ, ಬೇಕರಿಯವನು ಒಂದು ಟೀಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸ್ಕೊಳ್ತಿರಲಿಲ್ಲ. ನಮ್ಮನ್ನ "ಬನ್ನಿ ಸಾರ್" ಅಂತ ಕರೆದಿದ್ದು ಬಾರಿನ ಸಪ್ಲೈಯರ್ ಒಬ್ಬನೇ. ಹದಿನಾರು ವರ್ಷದ ಹುಡುಗನಿಗೆ "ಸಾರ್" ಅನ್ನಿಸ್ಕೊಳ್ಳೋದು ಕ್ವಾರ್ಟರ್‌ಗಿಂತ ಬೇಗ ತಲೆಗೇರುತ್ತೆ.

ಆದ್ರೆ ಅದು ಹುಡುಗ್ರ ಸಂತೋಷ ಮಾತ್ರ. ನಮ್ಮದೇ ಕ್ಲಾಸಿನ ಒಬ್ಬ ಹುಡುಗಿ ಆ ಫೋಟೋ ಕೆಳಗೆ ಬರೆದಿದ್ದನ್ನ ನೋಡಿದ್ರಾ? "ಟ್ಯೂಷನ್ನಿಂದ ಬರೋವಾಗ ಆ ಬಾರ್ ಬಂತು ಅಂದ್ರೆ ನಾವು ರಸ್ತೆ ದಾಟಿ ಆ ಕಡೆ ನಡೀತಿದ್ವಿ. ಲಾರಿ ಬರ್ತಿದ್ರೂ ಸರಿ." ಅದಕ್ಕೆ ನೀವು ಕೊಟ್ಟ ಉತ್ತರ ನಗೋ ಎಮೋಜಿ.

ಇನ್ನೊಂದು ನೆನಪು ಮಾಡಿಕೊಡ್ತೀನಿ. 2009ರ ಜನವರಿ 24, ಮಂಗಳೂರಲ್ಲಿ ಪಬ್ಬಿಗೆ ಹೋಗಿದ್ದ ಹೆಣ್ಮಕ್ಕಳನ್ನ ಅಟ್ಟಾಡಿಸಿ ಹೊಡೆದ್ರಲ್ಲ, ನಾವದನ್ನ ಟಿ.ವಿ.ಯಲ್ಲಿ ನೋಡಿದ್ದು ಎಲ್ಲಿ? ಇದೇ ಬಾರಲ್ಲಿ. ಕೈಯಲ್ಲಿ ಲೋಟ ಹಿಡಿದಿದ್ದ ಒಬ್ಬ ಹಿರಿಯರು "ಹಂಗೇ ಆಗ್ಬೇಕು, ಸಂಸ್ಕೃತಿ ಅನ್ನೋದೊಂದು ಇದೆ" ಅಂದ್ರು. ಅವರ ಪಕ್ಕದ ಟೇಬಲ್ಲಲ್ಲೇ ಹದಿನಾರರ ಐದು ಹುಡುಗ್ರು ಕುಡೀತಾ ಇದ್ವಿ. ಸಂಸ್ಕೃತಿಗೆ ನಾವು ಕಾಣಲೇ ಇಲ್ಲ. ವಯಸ್ಸಿಗೆ ಬಂದ ಹೆಂಗಸು ಕಾನೂನು ಪ್ರಕಾರ ಕುಡಿದ್ರೆ ದೇಶ ಹಾಳು, ಮೀಸೆ ಬರದ ಹುಡುಗ ಕಾನೂನು ಮುರಿದು ಕುಡಿದ್ರೆ ಗೋಲ್ಡನ್ ಡೇಸು. ಹಾಗಾಗಿ ನನ್ನ ಈ ಮಾತನ್ನ ಆ ಸಂಸ್ಕೃತಿ ರಕ್ಷಕರ ಪಟ್ಟಿಗೆ ದಯವಿಟ್ಟು ಸೇರಿಸ್ಬೇಡಿ.

4/7

ಆಮೇಲೆ ಇಂಜಿನಿಯರಿಂಗಿಗೆ ಬೆಂಗಳೂರು. ಚರ್ಚ್ ಸ್ಟ್ರೀಟು, ಪಬ್ ಸಿಟಿ, ಪಿಚರ್ ಬಿಯರು. ಅಲ್ಲೂ ಬಾಗಿಲಲ್ಲಿ "21+" ಬೋರ್ಡು. ಹದಿನೆಂಟರ ನಮ್ಮನ್ನ ಗಾರ್ಡ್ ಒಂದ್ಸಲ ತಡೆದ. ಯಾಕೆ ಗೊತ್ತಾ? ಒಬ್ಬ ಹವಾಯಿ ಚಪ್ಪಲಿ ಹಾಕಿದ್ದ. ಮುಂದಿನ ವಾರ ಶೂ ಹಾಕ್ಕೊಂಡು ಹೋದ್ವಿ, ಬಿಟ್ಟ. ಒಂದು ವಾರದಲ್ಲಿ ನಮಗೆ ಮೂರು ವರ್ಷ ವಯಸ್ಸಾಗಿತ್ತು.

2023ರ ಜನವರಿಯಲ್ಲಿ ಸರ್ಕಾರ ಈ 21ನ್ನ 18ಕ್ಕೆ ಇಳಿಸೋಕೆ ಕರಡು ನಿಯಮ ಹೊರಡಿಸ್ತು, ವಿರೋಧ ಜಾಸ್ತಿ ಆದ ಮೇಲೆ ಹಿಂದಕ್ಕೆ ತಗೊಂಡ್ತು. ಎರಡೂ ಕಡೆಯವರು ಕಿತ್ತಾಡಿದ್ದೇ ಕಿತ್ತಾಡಿದ್ದು. ನನಗೆ ನಗು. ಕೌಂಟರ್‌ನಲ್ಲಿ ಒಬ್ಬನೂ ಕೇಳದ ನಂಬರು 18 ಆದ್ರೇನು, 21 ಆದ್ರೇನು? ಅದೇ ವರ್ಷ ಜುಲೈ ಬಜೆಟ್ಟಲ್ಲಿ ಅಬಕಾರಿಯಿಂದ 36,000 ಕೋಟಿ ಬರಬೇಕು ಅಂತ ಗುರಿ ಇಟ್ರು. ಟಾರ್ಗೆಟ್ ಕೊಡೋ ಇಲಾಖೆಯೇ ಗಿರಾಕಿ ವಯಸ್ಸನ್ನೂ ಕೇಳ್ಬೇಕು. ಯಾವುದು ಮೊದಲು ನಡೆಯುತ್ತೆ ಅಂತ ನೀವೇ ಲೆಕ್ಕ ಹಾಕಿ.

2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ಆಗದ ಮಕ್ಕಳಿಗೆ ಮದ್ಯ ಕೊಟ್ರೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಮ್ಮೂರ ಕಡೆ ಈ ಕೇಸಲ್ಲಿ ಒಳಗೆ ಹೋದವರನ್ನ ನಾನು ಕಂಡಿಲ್ಲ.

5/7

ಈಗ ಫೋಟೋದಲ್ಲಿ ಬಲತುದಿಯಲ್ಲಿ ಇರೋನ ವಿಷಯ. ಅವನನ್ನ ಕೇಳೇ ಬರೀತಿದೀನಿ. "ಹೆಸರು ಹಾಕ್ಬೇಡ, ಮಿಕ್ಕಿದ್ದು ಬರಿ" ಅಂದ.

ಫೋಟೋ ಸರಿಯಾಗಿ ನೋಡಿ, ಅವನ ಲೋಟದಲ್ಲಿ ಇರೋದು ಸೋಡಾ. ಅವನಿಗೆ ಕುಡಿಯೋದು ಬೇಕಿರಲಿಲ್ಲ. ಅವರಪ್ಪ ಪ್ಯಾಕೆಟ್ ಸಾರಾಯಿ ಕುಡೀತಿದ್ರು. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಅವರಮ್ಮ ದೇವಸ್ಥಾನಕ್ಕೆ ಕಾಯಿ ಒಡೆಸಿದ್ರಂತೆ. ಒಂದು ತಿಂಗಳಲ್ಲಿ ಅಪ್ಪ ಸಾರಾಯಿ ಬಿಟ್ಟು ಅಗ್ಗದ ವಿಸ್ಕಿಗೆ ಬಂದ್ರು, ಖರ್ಚು ಜಾಸ್ತಿ ಆಯ್ತು ಅಷ್ಟೇ. ಇವನು ನಮ್ಮ ಜೊತೆ ಬರ್ತಿದ್ದಿದ್ದು ಕಡ್ಲೆಬೀಜಕ್ಕೆ ಮತ್ತು ನಮಗೆ.

ಅವತ್ತು ನಾನು ಕ್ವಾರ್ಟರ್ ಬಾಟ್ಲಿಯ ಮುಚ್ಚಳದಲ್ಲಿ ಒಂದಿಷ್ಟು ಬಗ್ಗಿಸಿ "ಒಂದೇ ಮುಚ್ಚಳ ಕಣೋ, ಗಂಡಸಾ ಅಲ್ವಾ ನೀನು" ಅಂದೆ. ಎಲ್ಲರೂ ನಕ್ವಿ. ಅವನೂ ನಕ್ಕ. ಸೋಡಾಗೆ ಹಾಕಿದೆ. ಫೋಟೋ ಅದಾದ ಮೇಲಿನದ್ದೋ ಮುಂಚಿನದ್ದೋ ಅಂತ ನಾನು ಎಷ್ಟೋ ಸಲ ಜೂಮ್ ಮಾಡಿ ನೋಡಿದೀನಿ. ಗೊತ್ತಾಗಲ್ಲ.

ನಾವು ನಾಲ್ಕು ಜನ ಓದೋಕೆ ಬೇರೆ ಬೇರೆ ಊರಿಗೆ ಹೋದ್ವಿ. ಅವನು ಉಳ್ಕೊಂಡ, ಕೊಬ್ಬರಿ ಮಂಡೀಲಿ ಕೆಲಸ. ಬಾರೂ ಉಳ್ಕೊಂಡಿತ್ತು. ಹಬ್ಬಕ್ಕೆ ಊರಿಗೆ ಬಂದಾಗೆಲ್ಲ ನಾವೇ ಅವನಿಗೆ "ಟ್ಯಾಂಕರ್" ಅಂತ ಹೆಸರಿಟ್ವಿ. ಎಷ್ಟು ಕುಡಿದ್ರೂ ಅಲ್ಲಾಡಲ್ಲ ಅಂತ ಹೊಗಳಿದ್ವಿ. ಅದು ಹೊಗಳೋ ವಿಷಯ ಅಲ್ಲ, ಮೈ ಅದಕ್ಕೆ ಒಗ್ಗಿಹೋಗಿದೆ ಅನ್ನೋದರ ಲಕ್ಷಣ ಅಂತ ಡಾಕ್ಟರ್ ಹೇಳಿದ್ದು ಹದಿನೈದು ವರ್ಷ ಆದ್ಮೇಲೆ. ಅಷ್ಟೊತ್ತಿಗೆ ಕಾಮಾಲೆ ಆಗಿತ್ತು, ಲಿವರ್ ಊದಿತ್ತು. ಒಂದ್ಸಲ ತಾನೇ ಹಟ ಮಾಡಿ ದಿಢೀರ್ ನಿಲ್ಲಿಸಿದ, ಮೂರನೇ ದಿನ ಫಿಟ್ಸ್ ಬಂತು. ವರ್ಷಗಟ್ಟಲೆ ಕುಡಿದವರು ಡಾಕ್ಟರನ್ನ ಕೇಳದೆ ಒಮ್ಮೆಗೇ ಬಿಟ್ರೆ ಜೀವಕ್ಕೇ ಅಪಾಯ ಆಗಬಹುದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆ, ಆಮೇಲೆ ವ್ಯಸನಮುಕ್ತಿ ಕೇಂದ್ರ, ಮತ್ತೆ ಜಾರಿದ್ದು, ಮತ್ತೆ ಕೇಂದ್ರ. ಈಗ 14 ತಿಂಗಳಾಯ್ತು, ಮುಟ್ಟಿಲ್ಲ.

ಆ ಗ್ರೂಪಲ್ಲಿ ಅವನೂ ಇದಾನೆ. ನೀವು ಅವನನ್ನ ಟ್ಯಾಗ್ ಮಾಡಿ ಬರೆದಿದ್ದು: "ಟ್ಯಾಂಕರ್ ಇಲ್ದೆ ರೀಯೂನಿಯನ್ ಇಲ್ಲ." ಅವತ್ತು ರಾತ್ರಿ ಅವನ ಹೆಂಡ್ತಿ ನನಗೆ ಫೋನ್ ಮಾಡಿದ್ಳು. "ಅಣ್ಣಾ, ಸಂಜೆಯಿಂದ ಆ ಫೋಟೋನೇ ನೋಡ್ತಾ ಕೂತಿದಾರೆ" ಅಂದ್ಳು. ಬೇರೇನೂ ಹೇಳಲಿಲ್ಲ.

6/7

"ನಾವೂ ಕುಡಿದ್ವಿ, ನಮಗೇನಾಯ್ತು, ಚೆನ್ನಾಗೇ ಇದೀವಲ್ಲ." ಈ ಮಾತು ಕಾಮೆಂಟಲ್ಲಿ ಬಂದೇ ಬರುತ್ತೆ, ಮೊದಲೇ ಉತ್ತರ ಹೇಳಿಬಿಡ್ತೀನಿ. ಹೌದು, ಐದರಲ್ಲಿ ನಾಲ್ಕು ಜನ ಚೆನ್ನಾಗಿದೀವಿ. ಕ್ಯಾಪ್ಷನ್ ಬರಿಯೋದು ಯಾವಾಗಲೂ ಆ ನಾಲ್ಕು ಜನವೇ. ಐದನೆಯವನು ಬರೆದ ಕ್ಯಾಪ್ಷನ್ ಎಲ್ಲಾದ್ರೂ ಓದಿದೀರಾ? ಯಾರು ಆ ಐದನೆಯವನು ಆಗ್ತಾನೆ ಅಂತ ಹದಿನಾರರಲ್ಲಿ ಯಾರಿಗೂ ಗೊತ್ತಾಗಲ್ಲ. ಎಷ್ಟು ಚಿಕ್ಕ ವಯಸ್ಸಲ್ಲಿ ಶುರು ಮಾಡ್ತೀವೋ ಅಷ್ಟು ಜಾಸ್ತಿ ಅಂಟಿಕೊಳ್ಳುತ್ತೆ ಅನ್ನೋದು ಡಾಕ್ಟರುಗಳು ಎಷ್ಟೋ ವರ್ಷದಿಂದ ಹೇಳ್ತಿರೋ ಮಾತು. ಯೋಚಿಸಿ ತಡೆಯೋ ಮೆದುಳಿನ ಭಾಗ ಪೂರ್ತಿ ಬಲಿಯೋದು ಇಪ್ಪತ್ತೈದರ ಹತ್ತಿರ.

ಇದನ್ನೆಲ್ಲ ಬರೀಬೇಕು ಅಂತ ಅನ್ನಿಸಿದ್ದು ಒಂದು ಮೆಸೇಜಿಂದ. ಫಸ್ಟ್ ಪಿಯು ಓದ್ತಿರೋ ಒಬ್ಬ ಹುಡುಗ ನಿಮ್ಮ ಸ್ಟೋರಿ ನೋಡಿ ನನಗೆ ಕಳಿಸಿದ್ದ: "ಅಣ್ಣ, ನಾವೂ ಹೋಗಿದ್ವಿ ಶನಿವಾರ. ಅದೇ ರೂಮು. ನೀವು ಕೂತಿದ್ದ ಟೇಬಲ್ ಯಾವುದು?" ಹೆಮ್ಮೆಯಿಂದ ಕೇಳಿದ್ದು ಪಾಪ.

ಅವನಿಗೆ ಬೈಯೋಕೆ ನನಗೆ ಯಾವ ಮುಖ ಇದೆ? ಟೇಬಲ್ ತೋರಿಸಿದ್ದೇ ನಾವು.

ತಮ್ಮಂದಿರೇ, ನಿಮಗೆ ಉಪದೇಶ ಮಾಡ್ತಿಲ್ಲ. ನಿಮ್ಮ ಗ್ಯಾಂಗಲ್ಲೂ ಒಬ್ಬ ಸೋಡಾ ಕುಡಿಯೋನು ಇರ್ತಾನೆ. ಅವನ ಪಾಡಿಗೆ ಅವನನ್ನ ಬಿಡಿ. ಅಷ್ಟು ಮಾಡಿದ್ರೂ ನಮಗಿಂತ ಮೇಲು. ಮನೇಲಿ ಯಾರಿಗಾದ್ರೂ ಬಿಡೋಕೆ ಆಗ್ತಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ.

7/7

ಕ್ಲಾಸ್‌ಮೇಟ್ಸ್‌ಗೆ. ನಾನೇನೂ ಸನ್ಯಾಸಿ ಆಗಿಲ್ಲ. ಮೂವತ್ಮೂರು ವರ್ಷದವರು ಸಂಜೆ ಎಲ್ಲಿ ಕೂತ್ಕೋತೀರ ಅನ್ನೋದು ನಿಮ್ಮಿಷ್ಟ. ಆದ್ರೆ ಆ ಬಾರಲ್ಲಿ, ಆ ರೂಮಲ್ಲಿ, ಅವನನ್ನ ಕರೆದು ಬೇಡ. ಫೋಟೋನ ಸ್ಟೋರಿಯಿಂದ ತೆಗೀರಿ, ಹೈಲೈಟ್ಸಿಂದನೂ. "ಟ್ಯಾಂಕರ್" ಅನ್ನೋ ಹೆಸರು ಗ್ರೂಪಲ್ಲಿ ಇನ್ನೊಂದ್ಸಲ ಬಂದ್ರೆ ನಾನು ಗ್ರೂಪ್ ಬಿಡ್ತೀನಿ, ಹೋಗ್ತಾ ಜಗಳ ಆಡ್ಕೊಂಡೇ ಹೋಗ್ತೀನಿ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು, ಅವನು, ಅವನ ಹೆಂಡ್ತಿ, ಮಗಳು, ರೈಲ್ವೆ ಸ್ಟೇಷನ್ ಹತ್ರದ ಹೋಟೆಲಲ್ಲಿ ಇರ್ತೀವಿ. ತಟ್ಟೆ ಇಡ್ಲಿ ಚೆನ್ನಾಗಿರುತ್ತೆ, ಬೇಗ ಖಾಲಿ ಆಗುತ್ತೆ. ರಸ್ತೆ ದಾಟಿ ನಡೀತಿದ್ದ ಹುಡುಗೀರೂ ಬರ್ತೀವಿ ಅಂದಿದಾರೆ. ಬರೋರು ಶನಿವಾರ ರಾತ್ರಿ ಒಳಗೆ ಹೇಳಿ, ಟೇಬಲ್ ಸೇರಿಸ್ಬೇಕು. ಬಿಲ್ ನಂದು.

#ಫ್ಯಾಮಿಲಿರೂಮು #ಐದನೆಯವನು #ನಮ್ಮತಿಪಟೂರುಕಡೆ