ವಿದ್ಯಾರ್ಥಿನಿಯರೂ ಉದ್ಯಮದ ಬಂಡವಾಳವೂ

ಘಟಿಕೋತ್ಸವದ ಕಾಲ ಬಂದಿತೆಂದರೆ, ನಮ್ಮ ವಿಶ್ವವಿದ್ಯಾನಿಲಯಗಳ ಚಿನ್ನದ ಪದಕಗಳಲ್ಲಿ ಅನೇಕವನ್ನು ಹೆಣ್ಣುಮಕ್ಕಳು ಪಡೆದ ವಾರ್ತೆಯನ್ನು ಪ್ರಕಟಿಸುವ ಸಂತೋಷ ನಮ್ಮದಾಗುತ್ತದೆ. ನೌಕರಿಯನ್ನರಸದೆ ಸ್ವಂತ ಉದ್ಯಮವನ್ನು ಹೂಡಬೇಕೆಂಬ ಹಂಬಲವುಳ್ಳವರೂ ಅವರಲ್ಲಿದ್ದಾರೆ. ಇವರಿಗಾಗಿ ಕಾಲೇಜುಗಳು ಉಪನ್ಯಾಸಗಳನ್ನು ಏರ್ಪಡಿಸುತ್ತವೆ. ಗಣ್ಯರು ಬಂದು ಧೈರ್ಯವನ್ನು ಬೋಧಿಸಿ, ಹಾರ ಹಾಕಿಸಿಕೊಂಡು ತೆರಳುತ್ತಾರೆ. ಈ ಹುಡುಗಿಯರಿಗೆ ಧೈರ್ಯದ ಕೊರತೆಯಿದೆಯೆಂದು ಹೇಳಿದವರಾರೋ ನಾವರಿಯೆವು. ಕೊರತೆಯಿರುವುದು ಸಾಲಕ್ಕೆ ಈಡಾಗಿ ಕೊಡಬಹುದಾದ ಆಸ್ತಿಯದು.

ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರವನ್ನೂ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರವನ್ನೂ ಕಲಿತ ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, 10,000 ರೂಪಾಯಿಗಳೊಡನೆ ಬಾಡಿಗೆಮನೆಯೊಂದರ ಮೋಟಾರು ಷೆಡ್ಡಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಪರಂಗಿಕಾಯಿಯ ಹಾಲಿನಿಂದ ಕಿಣ್ವವನ್ನು ತೆಗೆಯುವುದು ಅದರ ಮೊದಲ ಕೆಲಸಗಳಲ್ಲೊಂದು. ಬ್ಯಾಂಕುಗಳು ಸಾಲ ಕೊಡಲು ಹಿಂದೆಗೆದವು: ವ್ಯವಹಾರ ಹೊಸದು, ಕೇಳಿದವಳು ಹೆಂಗಸು, ಈಡಿಗೆ ಆಸ್ತಿಯಿಲ್ಲ. 2004ರಲ್ಲಿ ಅದರ ಷೇರುಗಳು ಪೇಟೆಗೆ ಬಂದ ಮೊದಲ ದಿನವೇ ಸಂಸ್ಥೆಯ ಬೆಲೆ 100 ಕೋಟಿ ಡಾಲರುಗಳನ್ನು ಮೀರಿತು. ಹಿಂದೆಗೆದ ಬ್ಯಾಂಕುಗಳು ಈ ಬಾಬನ್ನು ಯಾವ ಲೆಕ್ಕದಲ್ಲಿ ಬರೆದುಕೊಂಡವೋ!

ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಈಡು ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ವಿಧಿಸಿತು. ಆದಾಗ್ಯೂ “ತಂದೆಯವರನ್ನು ಕರೆದುಕೊಂಡು ಬಾರಮ್ಮ” ಎಂಬ ಮಾತು ಶಾಖೆಗಳಲ್ಲಿ ಇನ್ನೂ ನಿಂತಿಲ್ಲ. ಹೆಚ್ಚಿನ ಬಂಡವಾಳಕ್ಕಂತೂ ಆಸ್ತಿಯೇ ಬೇಕು. ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ 1933ರಲ್ಲಿಯೇ ಕಾಯಿದೆ ಮಾಡಿ ಕೀರ್ತಿ ಪಡೆಯಿತು. 2005ರ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕೊಟ್ಟಿತು. ಹಾಗಿದ್ದರೂ ಮನೆಗಳಲ್ಲಿ ನಡೆಯುವುದೇನು? ಮದುವೆಯಾಗಿ ಹೋದ ಮಗಳಿಗೆ ಅರಿಸಿನ ಕುಂಕುಮದೊಡನೆ ಒಂದು ಸೀರೆ. ಅದರ ಹಿಂದೆಯೇ ಹಕ್ಕು ಖುಲಾಸೆ ಪತ್ರ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ, ಅಣ್ಣತಮ್ಮಂದಿರ ಮುಖ ನೋಡಿ, ಅವಳು ರುಜು ಹಾಕುತ್ತಾಳೆ. ಚಿನ್ನದ ಪದಕ ಪಡೆದವಳೂ ಹಾಕುತ್ತಾಳೆ.

ನಮ್ಮ ವಾಚಕರಲ್ಲಿ ಬ್ಯಾಂಕಿನ ಅಧಿಕಾರಿಗಳಿದ್ದಾರೆ, ನೋಂದಣಿ ಇಲಾಖೆಯವರಿದ್ದಾರೆ, ಹೆಣ್ಣುಮಕ್ಕಳ ತಂದೆಯರಂತೂ ಬಹುಮಂದಿ. ಪದವೀಧರೆಯರಾದ ಯುವತಿಯರಿಗೆ ಈಡಿಲ್ಲದೆ ಕೊಟ್ಟ ಸಾಲಗಳ ಲೆಕ್ಕವನ್ನು ಬ್ಯಾಂಕುಗಳು ವರ್ಷಕ್ಕೊಮ್ಮೆ ಶಾಖೆವಾರು ಪ್ರಕಟಿಸಲಿ. ಖುಲಾಸೆ ಪತ್ರವು ನೋಂದಣಿಗೆ ಬಂದಾಗ ಉಪನೋಂದಣಾಧಿಕಾರಿಯು ಆ ಹೆಣ್ಣುಮಗಳೊಬ್ಬಳನ್ನೇ ಕೂರಿಸಿಕೊಂಡು, ಆಕೆ ಬಿಟ್ಟುಕೊಡುತ್ತಿರುವ ಪಾಲಿನ ಬೆಲೆಯೆಷ್ಟೆಂಬುದನ್ನು ತಿಳಿಯಹೇಳತಕ್ಕದ್ದೆಂದು ಸರ್ಕಾರವು ನಿಯಮ ಮಾಡಲಿ.