ಲಂಡನ್ನಿನ ಗೆಳತಿಯ ಮನೆಯಲ್ಲಿ ಮೂರು ವಾರ



ಹೊರದೇಶದಲ್ಲಿರುವ ಗೆಳತಿಯೊಬ್ಬಳು “ಬಾರೇ, ಮೂರು ವಾರ ಇದ್ದು ಹೋಗುವಿಯಂತೆ” ಎಂದು ಕರೆದರೆ ನಮಗೆ ಮೊದಲು ಹೊಳೆಯುವುದೇನು? ಯಾವ ಸೀರೆ ಇಟ್ಟುಕೊಳ್ಳಲಿ, ಏನು ತಿಂಡಿ ಕಟ್ಟಿಕೊಂಡು ಹೋಗಲಿ, ಏನೇನು ನೋಡಿ ಬರಲಿ, ಇಷ್ಟೇ ಅಲ್ಲವೇ? ನಾವು ಹೋಗಿ ಇಳಿದರೆ ಅವಳ ಮನೆಯಲ್ಲಿ ಏನು ಏರುಪೇರಾಗುತ್ತದೆ ಎಂಬ ಯೋಚನೆ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಉಬ್ರಾಣಿಯ ಕಡೆ ನೆಂಟರು ಬಂದರೆ ಒಂದು ಪಾವು ಅಕ್ಕಿ ಹೆಚ್ಚು ಹಾಕಿದರಾಯಿತು. ಮಾತಿಗೆ ಅತ್ತೆಯೋ ಓರಗಿತ್ತಿಯೋ ಇರುತ್ತಾರೆ. ಬಂದವರು ತಾವೇ ತೋಟ ಸುತ್ತಿ ಬರುತ್ತಾರೆ, ಸೂಳೆಕೆರೆ ನೋಡಿ ಬರುತ್ತಾರೆ, ಚನ್ನಗಿರಿಯ ಕೋಟೆ ಹತ್ತಿ ಬರುತ್ತಾರೆ. ಆದರೆ ಲಂಡನ್ನಿನಂಥ ಊರಿನಲ್ಲಿ ನೆಂಟಸ್ತನದ ಲೆಕ್ಕವೇ ಬೇರೆ. ಆ ಲೆಕ್ಕವನ್ನು ಇವತ್ತು ನಿಮ್ಮ ಮುಂದೆ ಇಡೋಣ ಅಂತ.

ನಾನು ಹೋದದ್ದು 2025ರ ಮೇ ತಿಂಗಳ ಕೊನೆಯಲ್ಲಿ. ಅಡಿಕೆ ಕೊಯ್ಲು ಶುರುವಾದರೆ ನಮ್ಮಂಥವರಿಗೆ ಮನೆ ಬಿಟ್ಟು ಹೋಗುವ ಮಾತೇ ಇಲ್ಲ ನೋಡಿ. ಕರೆದವಳು ಊರಿನ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ಮದುವೆಯಾಗಿ ಹೋಗಿ ಇಪ್ಪತ್ತು ವರ್ಷವಾಯಿತು. ಲಂಡನ್ನಿನ ಪೂರ್ವಕ್ಕಿರುವ ಈಸ್ಟ್ ಹ್ಯಾಮ್‌ನಲ್ಲಿ ಪುಟ್ಟ ಮನೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಇಬ್ಬರು ಮಕ್ಕಳು. ಮನೆಗೆಲಸಕ್ಕೆ ಬರುವವರು ಯಾರೂ ಇಲ್ಲ. ಅಲ್ಲಿ ಅದು ಸಾಮಾನ್ಯರ ಕೈಗೆ ಎಟುಕುವ ಮಾತಲ್ಲ.

ಹೋದ ಮರುದಿನವೇ ಅಡಿಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ನನ್ನ ಕಣ್ಣಿಗೆ ಬಿತ್ತು. ಎಂಟು ದಿನಗಳಿಗೆ ಸುತ್ತು ಹಾಕಿ ನನ್ನ ಹೆಸರು ಬರೆದಿದ್ದಳು. “ಇದೇನೇ?” ಅಂದೆ. “ನಿನ್ನನ್ನ ಸುತ್ತಾಡಿಸೋಕೆ ರಜ ಹಾಕಿದ್ದೀನಿ ಕಣೇ” ಅಂದಳು. ಎಷ್ಟು ಸಂತೋಷವಾಯಿತು ಹೇಳಿ! ಆದರೆ ಕ್ಯಾಲೆಂಡರಿನ ಹಾಳೆ ಮುಂದೆ ತಿರುವಿದರೆ ಅಕ್ಟೋಬರಿನಲ್ಲಿ “ಅಪ್ಪಾಜಿ” ಅಂತ ಬರೆದು, ಅದರ ಎದುರಿಗೆ ಪ್ರಶ್ನೆಯ ಗುರುತು ಹಾಕಿದ್ದಳು.

ಅಲ್ಲಿನ ರಜೆಯ ಲೆಕ್ಕ ನಿಮಗೂ ತಿಳಿದಿರಲಿ. ವಾರಕ್ಕೆ 5 ದಿನ ದುಡಿಯುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 28 ದಿನ ಸಂಬಳದ ರಜೆ. ಕ್ರಿಸ್ಮಸ್, ಈಸ್ಟರ್ ಮುಂತಾದ ಸಾರ್ವತ್ರಿಕ ರಜೆಗಳನ್ನೂ ಮಾಲೀಕರು ಇದರಲ್ಲೇ ಹಿಡಿಯಬಹುದು. ಅವು ವರ್ಷಕ್ಕೆ 8. ಉಳಿದದ್ದು 20. ಮಕ್ಕಳ ಜ್ವರ, ಶಾಲೆಯ ರಜೆ ಎಲ್ಲಕ್ಕೂ ಅದರಲ್ಲೇ ಕಳೆಯಬೇಕು. ನನಗಾಗಿ ಎಂಟು ದಿನ ಹೋದರೆ ದೀಪಾವಳಿಗೆ ಊರಿಗೆ ಬಂದು, ವಯಸ್ಸಾದ ಅಪ್ಪಾಜಿಯ ಜೊತೆ ನಾಲ್ಕು ದಿನ ಕೂರುವುದಕ್ಕೂ ರಜೆ ಸಾಲದು. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವವಳೂ ಅಲ್ಲ.

ಆವತ್ತೇ ನಾನೊಂದು ತೀರ್ಮಾನ ಮಾಡಿದೆ. ಈ ಮನೆಯಲ್ಲಿ ಅಡಿಗೆ ನನ್ನದು. ಊರು ನೋಡುವುದು ನಾನೊಬ್ಬಳೇ.

ಅಡಿಗೆಯೇನೂ ನಮಗೆ ಹೊಸದಲ್ಲ, ಆದರೆ ಅಡಿಗೆಮನೆ ಹೊಸದು. ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಹೊಗೆ ಎದ್ದರೆ ಸಾಕು, ಚಾವಣಿಯಲ್ಲಿರುವ ಯಂತ್ರ ಕಿವಿ ಕಿತ್ತುಹೋಗುವಂತೆ ಕೂಗಲು ಶುರುಮಾಡುತ್ತದೆ. ಬೆಂಕಿ ಬಿದ್ದೀತೆಂದು ಎಚ್ಚರಿಸುವ ಯಂತ್ರ ಅದು. ಒಲೆಯ ಮೇಲಿನ ಫ್ಯಾನು ಹಾಕಿ, ಕಿಟಕಿ ತೆರೆದು, ನಡುಮನೆಯ ಕಡೆಯ ಬಾಗಿಲು ಮುಚ್ಚಿ, ಸಣ್ಣ ಉರಿಯಲ್ಲಿ ಒಗ್ಗರಣೆ ಮಾಡಿಕೊಳ್ಳಬೇಕು. ಬಟ್ಟೆ ಒಗೆಯುವ ಯಂತ್ರವೂ ಅಡಿಗೆಮನೆಯಲ್ಲೇ! ಕಸಕ್ಕೆ ಬೇರೆ ಬೇರೆ ಡಬ್ಬಗಳು. ಯಾವುದಕ್ಕೆ ಏನು ಹಾಕಬೇಕೆಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಬಚ್ಚಲು. ಅಲ್ಲಿನ ಎಷ್ಟೋ ಮನೆಗಳ ಬಚ್ಚಲಲ್ಲಿ ನೆಲದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ನಮ್ಮಂತೆ ಚೊಂಬಿನಲ್ಲಿ ಧಾರಾಳವಾಗಿ ಸುರಿದುಕೊಂಡರೆ ಕೆಳಗಿನ ಕೋಣೆಯ ಚಾವಣಿ ತೊಟ್ಟಿಕ್ಕುತ್ತದೆ. ತೊಟ್ಟಿಯೊಳಗೆ ನಿಂತು, ಪರದೆ ಒಳಗೆ ಎಳೆದುಕೊಂಡು ಸ್ನಾನ ಮಾಡಬೇಕು.

ಸಾಮಾನಿನ ಚಿಂತೆ ಬೇಡ. ಈಸ್ಟ್ ಹ್ಯಾಮ್ ಪೇಟೆಯಲ್ಲಿ ದಕ್ಷಿಣದವರ ಅಂಗಡಿಗಳು ಸಾಲುಸಾಲಾಗಿವೆ. ರಾಗಿ ಹಿಟ್ಟು, ತೆಂಗಿನಕಾಯಿ, ಕರಿಬೇವು ಎಲ್ಲ ಸಿಗುತ್ತದೆ. ಜೋಳದ ಹಿಟ್ಟು ಬೇಕಾದರೆ ಗುಜರಾತಿಯವರ ಅಂಗಡಿಯಲ್ಲಿ “ಜುವಾರ್” ಅಂತ ಕೇಳಿ.

ನಾಲ್ಕನೇ ದಿನ ಸಾಯಂಕಾಲ ಅವಳು ಕೆಲಸದಿಂದ ಬರುವ ಹೊತ್ತಿಗೆ ಮುದ್ದೆ, ಬಸ್ಸಾರು, ಅನ್ನ ಮಾಡಿಟ್ಟಿದ್ದೆ. ಬಾಗಿಲು ತೆರೆದವಳು ಚೀಲ ಹಿಡಿದುಕೊಂಡೇ ನಿಂತುಬಿಟ್ಟಳು. “ಇಪ್ಪತ್ತು ವರ್ಷದಲ್ಲಿ ನಾನು ಬಾಗಿಲು ತೆಗೆದಾಗ ಬಿಸಿ ಅನ್ನದ ವಾಸನೆ ಬಂದದ್ದು ಇವತ್ತೇ ಕಣೇ” ಅಂದಳು. ನಾನು ಮಾತಾಡಲಿಲ್ಲ, ತಟ್ಟೆ ಹಾಕಿದೆ. ಅವಳು ನಮಗೆ ಕಳಿಸುವ ಫೋಟೋಗಳಲ್ಲಿ ದೊಡ್ಡ ಗಡಿಯಾರದ ಗೋಪುರ ಇರುತ್ತದೆ, ಹೂವಿನ ತೋಟ ಇರುತ್ತದೆ. ಈ ಮಾತು ಯಾವ ಫೋಟೋದಲ್ಲಿ ಬರುತ್ತದೆ ಹೇಳಿ?

ಇನ್ನು ಊರು ನೋಡುವ ವಿಷಯ. ಭಾಷೆ ಸರಿಯಾಗಿ ಬಾರದ ನಾವು ಒಬ್ಬರೇ ಹೇಗೆ ಓಡಾಡುವುದು ಅಂತ ನೀವು ಕೇಳಬಹುದು. ನನಗೆ ಗುರುವಾದವಳು ಅವಳ ಹದಿನಾಲ್ಕು ವರ್ಷದ ಮಗಳು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ದೊಡ್ಡಮ್ಮ, ಹಸಿರು ಗೆರೆ ನೋಡ್ಕೊಳ್ಳಿ” ಎಂದು ಆ ಒಂದು ಮಾತನ್ನು ಕನ್ನಡದಲ್ಲೇ ಹೇಳಿ ನಕ್ಷೆ ಬರೆದುಕೊಟ್ಟಳು. ಲಂಡನ್ನಿನ ನೆಲದಡಿಯ ರೈಲು ಜಗತ್ತಿನಲ್ಲೇ ಮೊದಲನೆಯದು, 1863ರಲ್ಲಿ ಶುರುವಾದದ್ದು. ಪ್ರತಿ ದಾರಿಗೂ ನಕ್ಷೆಯಲ್ಲಿ ಒಂದೊಂದು ಬಣ್ಣ. ಹಸಿರು ಬಣ್ಣದ ಡಿಸ್ಟ್ರಿಕ್ಟ್ ಲೈನಿನಲ್ಲಿ ಈಸ್ಟ್ ಹ್ಯಾಮ್‌ನಲ್ಲಿ ಹತ್ತಿ ಕೂತರೆ ವೆಸ್ಟ್‌ಮಿನ್‌ಸ್ಟರಿಗೂ ಸೌತ್ ಕೆನ್ಸಿಂಗ್ಟನ್ನಿಗೂ ಗಾಡಿ ಬದಲಾಯಿಸದೆ ಹೋಗಬಹುದು. ಬರುವ ನಿಲ್ದಾಣದ ಹೆಸರನ್ನು ಗಾಡಿಯೊಳಗೇ ಕೂಗಿ ಹೇಳುತ್ತಾರೆ. ಓಡುವ ಮೆಟ್ಟಿಲಿನ ಮೇಲೆ ಬಲಗಡೆ ನಿಲ್ಲಬೇಕು, ಎಡಗಡೆ ಅವಸರದಲ್ಲಿರುವವರಿಗೆ.

ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಆಯ್‌ಸ್ಟರ್ ಎಂಬ ಕಾರ್ಡನ್ನೋ ಬ್ಯಾಂಕಿನ ಕಾರ್ಡನ್ನೋ ಮುಟ್ಟಿಸಬೇಕು. ನಾನು ಹೋದಾಗ ಎಷ್ಟೇ ದೂರವಾದರೂ 1.75 ಪೌಂಡ್, ನಮ್ಮ ದುಡ್ಡಿನಲ್ಲಿ ಸುಮಾರು 200 ರೂಪಾಯಿ. ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ಕೊಡಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ದುಡ್ಡೇ ಕೊಡದ ನಮಗೆ ಇದು ಎದೆಗೆ ಬಡಿಯುತ್ತದೆ, ನಿಜ. ಆದರೆ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸುತ್ತಾ ಹೋದರೆ ಮನೆಯಿಂದ ಹೊರಗೆ ಕಾಲೇ ಇಡಲಾರಿರಿ. ದಿನಕ್ಕಿಷ್ಟು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ, ಆಮೇಲೆ ಗುಣಿಸಬೇಡಿ.

ಅದೂ ಅಲ್ಲದೆ ದುಡ್ಡಿಲ್ಲದೆ ನೋಡುವಂಥದ್ದು ಬೇಕಾದಷ್ಟಿದೆ. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶಶುಲ್ಕವಿಲ್ಲ. ಅಲ್ಲೇ ಇರುವುದು ನಮ್ಮ ಟಿಪ್ಪುವಿನ ಹುಲಿ. ಯೂರೋಪಿಯನ್ನನೊಬ್ಬನ ಮೇಲೆ ಎರಗಿದ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಸುತ್ತ ಬಿಳಿಯರ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ನಮ್ಮ ನಾಡಿನ ವಸ್ತುವನ್ನು ಅಷ್ಟು ದೂರ ಹೋಗಿ ಗಾಜಿನಾಚೆಗೆ ನೋಡುವಾಗ ಹೆಮ್ಮೆಯೋ ಸಂಕಟವೋ ತಿಳಿಯದು.

ಇನ್ನೊಂದು ದಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಳಿದು ಥೇಮ್ಸ್ ನದಿಯ ಸೇತುವೆ ದಾಟಿದೆ. ಎದುರಿಗೇ ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ಶಾಲೆ ತೆರೆದದ್ದು ಈ ಆಸ್ಪತ್ರೆಯ ಹೆಸರಿನಲ್ಲೇ. ಅದರ ಪಕ್ಕದ ನದಿಯ ದಂಡೆಯ ಗೋಡೆಯ ತುಂಬ ಕೆಂಪು ಹೃದಯಗಳು. ಕೊರೋನಾದಲ್ಲಿ ತೀರಿಕೊಂಡವರ ನೆನಪಿಗೆ 2021ರಲ್ಲಿ ಜನರೇ ಬರೆಯಲು ಶುರುಮಾಡಿದ್ದು, ಎರಡು ಲಕ್ಷಕ್ಕೂ ಹೆಚ್ಚು. ಒಂದೊಂದರಲ್ಲೂ ಯಾರದೋ ಅಮ್ಮ, ಯಾರದೋ ಅಣ್ಣ. ಆ ದಿನಗಳಲ್ಲಿ ನಮ್ಮೂರುಗಳಲ್ಲಿ ಹೋದವರ ನೆನಪಾಗಿ ನಿಂತುಬಿಟ್ಟೆ. ಹಾಗೇ ದಂಡೆ ಹಿಡಿದು ಲ್ಯಾಂಬೆತ್ ಸೇತುವೆಯ ಕಡೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಇದಕ್ಕಾಗಿ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲ್. ಅಕ್ಕಮಹಾದೇವಿಯ ಉಡುತಡಿ ನಮಗೇನು ದೂರವೇ? ಆ ಶರಣರ ಬಳಗದ ಹಿರಿಯರು ಥೇಮ್ಸ್ ದಂಡೆಯಲ್ಲಿ ಕಂಡಾಗ, ಗುರುತಿನವರೊಬ್ಬರು ಸಿಕ್ಕಿದಂತಾಗಿ ಬೆಂಚಿನ ಮೇಲೆ ಕೂತು ಬುತ್ತಿಯ ರೊಟ್ಟಿ ಚಟ್ನಿಪುಡಿ ಬಿಚ್ಚಿದೆ.

ಆ ಚಟ್ನಿಪುಡಿಯ ಮಾತೂ ಹೇಳಿಬಿಡುತ್ತೇನೆ. ತುಪ್ಪ, ಪೇಡ, ಕೋವ ಇಂಥ ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಅದಕ್ಕೇ ಶೇಂಗಾ ಪುಡಿ ಒಳ್ಳೆಯದು. ಎರಡು ಲೋಟ ಶೇಂಗಾ ಹದವಾಗಿ ಹುರಿದು ಸಿಪ್ಪೆ ತೆಗೆಯಿರಿ. ಹತ್ತು ಬ್ಯಾಡಗಿ ಮೆಣಸಿನಕಾಯಿ ಬೆಚ್ಚಗೆ ಮಾಡಿ, ಒಂದು ಚಮಚ ಜೀರಿಗೆ, ಗೋಲಿಯಷ್ಟು ಒಣ ಹುಣಸೆಹಣ್ಣು, ಉಪ್ಪು ಸೇರಿಸಿ ಮೊದಲು ಪುಡಿಮಾಡಿ. ಆಮೇಲೆ ಶೇಂಗಾ, ಎಂಟು ಎಸಳು ಬೆಳ್ಳುಳ್ಳಿ, ಚೂರು ಬೆಲ್ಲ ಹಾಕಿ ತರಿತರಿಯಾಗಿ ತಿರುವಿ. ಚೆನ್ನಾಗಿ ಆರಿದ ಮೇಲೆ ಕಟ್ಟಿ.

ಹೊರಡುವ ಮುಂಚೆ ಇನ್ನೂ ಮೂರು ಕೆಲಸ ಮರೆಯಬೇಡಿ. ಪ್ರವಾಸಿಗಳು ಆಸ್ಪತ್ರೆಯಲ್ಲಿ ಮಲಗಿದರೆ ಬಿಲ್ಲು ಅವರ ತಲೆಯ ಮೇಲೆಯೇ. ಆದ್ದರಿಂದ ಪ್ರಯಾಣದ ವಿಮೆ ಮಾಡಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಗೆಳತಿಯ ವಿಳಾಸ, ಫೋನ್ ನಂಬರು ಕಾಗದದಲ್ಲಿ ಬರೆದು ಸೆರಗಿನಷ್ಟೇ ಹತ್ತಿರ ಇಟ್ಟುಕೊಳ್ಳಿ. ಮೊಬೈಲು ಯಾವಾಗ ಕೈಕೊಡುತ್ತದೋ ಹೇಳಲಾಗದು. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಬಿಸಿಲು ನಂಬಿ ಹೊತ್ತು ಮರೆತರೆ ಮನೆಯವರು ಗಾಬರಿಯಾಗುತ್ತಾರೆ, ಗಡಿಯಾರ ನೋಡಿಕೊಳ್ಳಿ.

ಎಂಟು ದಿನಗಳಲ್ಲಿ ಐದನ್ನು ಅವಳಿಗೆ ವಾಪಸ್ ಕೊಟ್ಟೆ. ಉಳಿದ ಮೂರು ದಿನ ಇಬ್ಬರೂ ಗ್ರೀನಿಚ್‌ನ ಗುಡ್ಡ ಹತ್ತಿದೆವು, ಪಾರ್ಕಿನಲ್ಲಿ ಕೂತು ಮಾತಾಡಿದೆವು, ಅರ್ಧ ದಿನ ಏನೂ ಮಾಡದೆ ಮಲಗಿದೆವು. ದೀಪಾವಳಿಗೆ ಅವಳು ಉಬ್ರಾಣಿಗೆ ಬಂದಳು. ಆ ಐದು ದಿನವನ್ನೂ ಸೇರಿಸಿಕೊಂಡು ಅಪ್ಪಾಜಿಯ ಜೊತೆ ಇದ್ದು ಹೋದಳು. ಹಬ್ಬ ಮುಗಿದ ಮೇಲೆ ಆ ಹಿರಿಯರು ದಾರಿಯಲ್ಲಿ ಸಿಕ್ಕಿದಾಗ “ಈ ಸಲ ಮಗಳು ಗಡಿಬಿಡಿ ಮಾಡಲಿಲ್ಲ ಕಣಮ್ಮ” ಅಂದರು.

ನಿಮ್ಮ ಗೆಳತಿಯೋ ತಂಗಿಯೋ ಹೊರದೇಶದಲ್ಲಿದ್ದು ಕರೆದರೆ ಖಂಡಿತ ಹೋಗಿ. ಹೋದಾಗ ಅಡಿಗೆಮನೆಯ ಕ್ಯಾಲೆಂಡರನ್ನು ಒಂದು ಸಲ ತಿರುವಿ ನೋಡಿ. ಅವಳಿಂದ ಎಷ್ಟು ದಿನ ತೆಗೆದುಕೊಳ್ಳಬೇಕು, ಎಷ್ಟು ಉಳಿಸಬೇಕು ಎಂಬುದು ನಿಮಗೇ ತಿಳಿಯುತ್ತದೆ.